ತ್ರ್ಯಂಬಕ ಭಟ್ಟರ ಬೈರಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೈಲಹೊಂಗಲದ ಓಣಿಯೊಂದರ ಮನೆಯ ಹಿತ್ತಿಲಲ್ಲಿ ತ್ರ್ಯಂಬಕ ಭಟ್ಟರು ಮರದ ಬಟ್ಟಲೊಂದನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಬೈರಿಗೆಯ ಹಗ್ಗ ಎಳೆಯುತ್ತಿದ್ದಾರೆ. ಮೊನೆ ಜಾಲಿಮರದೊಳಗೆ ಇಳಿಯುತ್ತಿದೆ. ಇದು ಮೂರನೇ ತೂತು. ನಾಲ್ಕು ಸುತ್ತು ಕೊರೆದು ನಿಲ್ಲಿಸುತ್ತಾರೆ, ಕಿರುಬೆರಳು ಆಡಿಸಿ ನೋಡುತ್ತಾರೆ, ಎದ್ದು ಬಾಗಿಲ ತನಕ ಹೋಗಿ ಇಣುಕುತ್ತಾರೆ, ಬಂದು ಮತ್ತೆ ಕೂರುತ್ತಾರೆ.

"ಬಟ್ಟಲಾ ಒಯ್ಯಾವ್ರು ಬರೂದು ಎಂಟಕ್ಕ. ಹೊಸ್ತಿಲಾ ಸವಸಬ್ಯಾಡ್ರಿ," ಒಲೆಯ ಮುಂದಿನಿಂದ ಹೆಂಡತಿ ಕಮಲಾಬಾಯಿಯವರ ದನಿ.

ಈ ಬಟ್ಟಲು ಕೂರಿಗೆಯ ನೆತ್ತಿಯ ಮೇಲೆ ಕೂರುವಂಥದ್ದು. ಬಿತ್ತುವ ಹೆಂಗಸು ಅದರೊಳಗೆ ಬೀಜ ಬಿಡುತ್ತ ನಡೆಯುತ್ತಾಳೆ. ಮೂರು ತೂತು, ಮೂರು ಬಿದಿರು ಕೊಳವೆ, ನೆಲದಲ್ಲಿ ಮೂರು ಸಾಲು. ಒಂದು ತೂತು ತಪ್ಪಿದರೆ ಒಂದು ಸಾಲು ತಪ್ಪಿತು.

ದೇಗಾಂವದ ಪೌರೋಹಿತ್ಯದ ಮನೆತನ ಭಟ್ಟರದು. ಚಿಕ್ಕಂದಿನಲ್ಲಿ ಸಂಧ್ಯಾವಂದನೆಗಿಂತ ಬಡಿಗೇರ ನಿಜಗುಣಪ್ಪನವರ ಅಂಗಳದಲ್ಲೇ ಹೆಚ್ಚು ಕುಳಿತವರು. ಉಳಿ ಹಿಡಿದ ಮಗನ ಜೊತೆ ತಂದೆ ಒಂದು ವರ್ಷ ಮಾತಾಡಲಿಲ್ಲವಂತೆ. ಈಗ ಇಪ್ಪತ್ತೆರಡು ವರ್ಷವಾಯಿತು. ಹಿಂಗಾರಿ ಬಿತ್ತಿಗೆಗೆ ಮುಂಚಿನ ಒಂದೇ ತಿಂಗಳಲ್ಲಿ ನಲವತ್ತು ಬಟ್ಟಲು ಇವರ ಕೈಯಿಂದ ಹೊರಬೀಳುತ್ತವೆ. ಸಾಮಾನು ಮಾತ್ರ ಒಂದು ಚೀಲ ತುಂಬುವುದಿಲ್ಲ: ಒಂದು ಬಾಚಿ, ನಾಲ್ಕು ಉಳಿ, ಒಂದು ಬೈರಿಗೆ.

"ಬಣ್ಣಾ ನೋಡಿ ಹತ್ಯಾರ ಕೊಳ್ಳಬಾರ್ದ್ರಿ," ಎನ್ನುತ್ತಾರೆ. "ಅರ ತಿಕ್ಕಿ ನೋಡಬೇಕು. ಅರ ಜಾರಿದ್ರ ಗಟ್ಟಿ ಉಕ್ಕು, ಕಚ್ಚಿದ್ರ ಮೆತ್ತಗದ. ಬೈರಿಗಿ ಮೊನಿ ಕಲ್ಲಿನ ಮ್ಯಾಲೆ ಉಳ್ಳಿಸಬೇಕು. ಕುಣದ್ರ ಅಂಗಡ್ಯಾಗನ ಬಿಟ್ಟು ಬರಬೇಕು."

ಇಷ್ಟು ಬಲ್ಲವರು ಹೋದ ವರ್ಷ ಕುಣಿಯುವ ಬೈರಿಗೆಯನ್ನೇ ಕೊಂಡು ತಂದರು. ಭರ್ತಿ ಹಂಗಾಮಿನಲ್ಲಿ ಹಳೆಯ ಮೊನೆ ಮುರಿದಿತ್ತು. ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಗಾಡಿಗಳ ಗಾಲಿಗೆ ಹಳಿ ಬಡಿಯುವ ಕಮ್ಮಾರ ಶಂಕ್ರೆಪ್ಪ, ಲಾರಿಯ ಸ್ಪ್ರಿಂಗ್ ಪಾಟಾ ಕಾಸಿ ಹೊಸ ಮೊನೆ ಮಾಡಿಕೊಡಲು ನಾಲ್ಕು ದಿನ ಕೇಳಿದ; ಇವತ್ತು ಜಾಲಿಗೆ ಇಳಿಯುತ್ತಿರುವುದು ಆ ಮೊನೆಯೇ. ಇತ್ತ ಪಕ್ಕದ ಹಳ್ಳಿಯ ರೈತ ದುಂಡಪ್ಪ ಎತ್ತು ಹೂಡಿಕೊಂಡು ಬಾಗಿಲಿಗೇ ಬಂದಿದ್ದ. ಭಟ್ಟರು ಸಂತೆಗೆ ಓಡಿ ಕೆಂಪು ಬಣ್ಣದ ಅಗ್ಗದ ಬೈರಿಗೆ ತಂದರು.

"ಎರಡು ತೂತು ಚಂದ ಹೊಡೀತು. ಮೂರನೇದಕ್ಕ ಅದರ ಬಾಯಿ ಹೊಳ್ಳಿ ಮೊಂಡಾತು. ಮನ್ಯಾಗಿನ ಜೋಳ ಸುರುವಿ ನೋಡಿದೆ, ಇಳೀತು. ಕೊಟ್ಟುಬಿಟ್ಟೆ."

ಬಿತ್ತುವ ಬೀಜಕ್ಕೆ ರೈತರು ಗಂಧಕದ ಪುಡಿ ಹಚ್ಚಿರುತ್ತಾರೆ. ಆ ಪುಡಿಬೀಜ ಮೂರನೇ ತೂತಿನ ಒರಟು ನಾರಿಗೆ ತಡೆದು ತಡೆದು ಇಳಿಯಿತು. ದುಂಡಪ್ಪನ ಹೊಲದಲ್ಲಿ ಪ್ರತಿ ಮೂರನೇ ಸಾಲು ತೆಳುವಾಗಿ ಎದ್ದಿತು. ಊರಿನವರು ದೂರಿದ್ದು ಬೀಜ ಬಿಟ್ಟ ಅವನ ಹೆಂಡತಿ ಗುರುಬಸವ್ವನನ್ನು. ಇಪ್ಪತ್ತು ವರ್ಷ ಬಿತ್ತಿದ ಕೈ ಸೋತಿತು ಎಂದರು. ಈ ವರ್ಷ ನಾದಿನಿ ಸೋಮವ್ವ ಬಿತ್ತಲಿ ಎಂದು ಮನೆಯಲ್ಲೇ ಮಾತಾಗಿದೆ.

ಯುಗಾದಿ ಹೊತ್ತಿಗೆ ಬಟ್ಟಲು ಸೀಳು ಬಿಟ್ಟು ರಿಪೇರಿಗೆ ಬಂದಾಗ ಭಟ್ಟರು ಬೆರಳಾಡಿಸಿ ತಪ್ಪು ಕಂಡುಕೊಂಡರು. ಹೊಸದನ್ನೇ ಮಾಡಿಕೊಡುತ್ತೇನೆ ಎಂದರು, ಏಕೆಂದು ಹೇಳಲಿಲ್ಲ. ಅಂದಿನಿಂದ ಮಗ್ಗುಲು ಬದಲಿಸಿದರೂ ನಿದ್ದೆಯಿಲ್ಲ.

ಎಂಟಕ್ಕೆ ಚಕ್ಕಡಿ ಬಂದು ನಿಲ್ಲುತ್ತದೆ. "ಏನ್ರಿ ಭಟ್ರ, ಮಂತ್ರಾ ಹೇಳಿ ಹೊಡದೀರೋ, ಬರೇ ಬೈರಿಗಿಲೆ ಹೊಡದೀರೋ?" ದುಂಡಪ್ಪ ನಗುತ್ತಾನೆ. ಹಿಂದೆ ಗುರುಬಸವ್ವ, ಮಡಿಲಲ್ಲಿ ಬೀಜದ ಗಂಟು.

ಭಟ್ಟರಿಗೆ ನಗು ಬರುವುದಿಲ್ಲ. ಹಳೆಯ ಬಟ್ಟಲು ತಂದು ಗುರುಬಸವ್ವನ ಮುಂದಿಡುತ್ತಾರೆ. "ಹ್ವಾದ ವರ್ಷ ತಪ್ಪಿದ್ದು ನಿಮ್ಮ ಕೈ ಅಲ್ಲವ್ವಾ. ನನ್ನ ತೂತು. ಬೆರಳು ಹಾಕಿ ನೋಡ್ರಿ."

ಆಕೆ ಹಾಕಿ ನೋಡುತ್ತಾಳೆ. ಮತ್ತೊಮ್ಮೆ ನೋಡುತ್ತಾಳೆ.

"ಯಾವಾಗಿಂದ ಗೊತ್ತೈತ್ರಿ?" ದುಂಡಪ್ಪನ ನಗು ನಿಂತಿದೆ.

"ಯುಗಾದಿಯಿಂದ."

"ಇಷ್ಟ ದಿನಾ ಬಾಯಾಗ ಏನ್ ಇಟ್ಕೊಂಡಿದ್ರಿ?"

ಭಟ್ಟರು ಹೊಸ ಬಟ್ಟಲು ಮುಂದಕ್ಕೆ ಸರಿಸುತ್ತಾರೆ. ಗುರುಬಸವ್ವ ಗಂಟು ಬಿಚ್ಚುತ್ತಾಳೆ. ಹೊಸ ಬಟ್ಟಲಿಗೆ ಕೊಳವೆ ಸಿಕ್ಕಿಸಿ, ಕೆಳಗೆ ಅಡುಗೆಮನೆಯ ಮೂರು ಸಣ್ಣ ವಾಟಗಗಳನ್ನಿಟ್ಟು, ಹೊಲದಲ್ಲಿ ಬಿಡುವ ಹದದಲ್ಲೇ ಮುಷ್ಟಿ ಸಡಿಲಿಸುತ್ತಾಳೆ. ಹಳದಿ ಪುಡಿ ಮೆತ್ತಿದ ಜೋಳ ತಡೆಯಿಲ್ಲದೆ ಇಳಿಯುತ್ತದೆ. ಮೂರೂ ವಾಟಗ ಒಂದೇ ಮಟ್ಟಕ್ಕೆ ತುಂಬಿವೆ.

"ವರ್ಷಪೂರ್ತಿ ಊರಾಗ ಅನಿಸಿಕೊಂಡೇನ್ರಿ ಭಟ್ರ," ಎನ್ನುತ್ತಾಳೆ. "ಇಲ್ಲಿ ನಿಮ್ಮ ಹಿತ್ತಲದಾಗ ಹೇಳಿದ್ರ ಆತೇನು? ನಮ್ಮೂರ ಕಟ್ಟಿಮ್ಯಾಲ ಬಂದು ನಾಕು ಮಂದ್ಯಾಗ ಹೇಳ್ರಿ."

ಭಟ್ಟರು ಗೂಟದ ಮೇಲಿನ ಟೊಪ್ಪಿಗೆ ತಲೆಗೇರಿಸಿ ಚಕ್ಕಡಿ ಹತ್ತುತ್ತಾರೆ.

"ಮತ್ತ ಸೋಮವ್ವಗ ಏನ್ ಹೇಳ್ಲಿ?" ದುಂಡಪ್ಪ ಮೆಲ್ಲಗೆ ಹೆಂಡತಿಯನ್ನು ಕೇಳುತ್ತಾನೆ.

"ರೊಟ್ಟಿ ಬಡದು ಹೊಲಕ್ಕ ತಗೊಂಡು ಬಾ ಅಂತ ಹೇಳ್ರಿ. ಬಿತ್ತಾಕ ನಾ ಅದೇನಿ."

ಊರು ಹತ್ತಿರವಾದಂತೆ ಭಟ್ಟರ ಬೆರಳುಗಳು ಚಕ್ಕಡಿಯ ಗೂಟ ಬಿಟ್ಟು ಹಿಡಿಯುತ್ತವೆ, ಹಿಡಿದು ಬಿಡುತ್ತವೆ. ಕಟ್ಟೆಯಲ್ಲಿ ಆಡಬೇಕಾದ ಮಾತು ಇನ್ನೂ ಕೂಡಿಬಂದಿಲ್ಲ. ಅದಾದ ಮೇಲೆ ಒಂದೇ ಆಸೆಯಂತೆ.

"ಎಂಟು ದಿನಾ ಬಿಟ್ಟು ಅವರ ಹೊಲದ ಬದುವಿನ ಮ್ಯಾಲೆ ನಿಂತು ಬರಬೇಕು. ಮೂರನೇ ಸಾಲು ಯಾವುದು ಅಂತ ನನಗ ಗುರ್ತು ಸಿಗಬಾರ್ದು."