ಚಾಕಿ ಮನೆಯ ಸರ್ವರ್, ನಗರಗೆರೆಯ ಮದುವೆ

2023ರ ಬೇಸಿಗೆಯಲ್ಲಿ ನಾನು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ ಚಾಕಿ ಕೇಂದ್ರ ನಡೆಸುತ್ತಿದ್ದೆ. ಈಗಲೂ ಕೇಂದ್ರ ನನ್ನದೇ, ಆದರೆ ಆಗ ನಿಂತು ಮಾಡುತ್ತಿದ್ದುದನ್ನು ಈಗ ಕೂತು ಮಾಡಿಸುತ್ತೇನೆ. ಚಾಕಿ ಎಂದರೆ ರೇಷ್ಮೆ ಹುಳುವಿನ ಎಳೆತನದ ಸಾಕಣೆ. ಮೊಟ್ಟೆಯೊಡೆದು ಬಂದ, ಇರುವೆಗಿಂತ ಸಣ್ಣ ಹುಳುವನ್ನು ಎರಡನೇ ಜ್ವರದವರೆಗೆ ಬೆಳೆಸಿ ರೈತರಿಗೆ ಕೊಡುತ್ತೇವೆ. ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕೋಣೆಯ ಶಾಖ ಇಪ್ಪತ್ತೇಳು ಡಿಗ್ರಿ ಇದೆಯೋ ಇಲ್ಲವೋ ಎಂದು ನೋಡಲು ಅಷ್ಟು ಓದು ಸಾಕಾಯಿತು.

ಹೇಳಹೊರಟಿರುವುದು ನನ್ನ ಸೊಸೆ ಪವಿತ್ರಾಳ ಪೆಟ್ಟಿಗೆಯ ಸಂಗತಿ. ಪವಿತ್ರಾ ಮದುವೆಗಳಿಗೆ ಫೋಟೋ, ವಿಡಿಯೋ ತೆಗೆಯುತ್ತಾಳೆ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಯಾವ ಛತ್ರಕ್ಕೆ ಕರೆದರೂ ಕ್ಯಾಮೆರಾ ಹೊತ್ತು ಹೋಗುತ್ತಾಳೆ. ಅವಳಿಗೆ ಬಾಯಿ ಜಾಸ್ತಿ, ನನಗೂ ಜಾಸ್ತಿ, ಹಾಗಾಗಿ ನಮ್ಮ ಮನೆಯಲ್ಲಿ ಮುಚ್ಚುಮರೆ ಕಡಿಮೆ. ತೆಗೆದ ವಿಡಿಯೋವನ್ನೆಲ್ಲ ಅವಳು ಒಂದು ಕಪ್ಪು ಪೆಟ್ಟಿಗೆಗೆ ತುಂಬುತ್ತಿದ್ದಳು. ಅದಕ್ಕೆ ಹೋಮ್ ಸರ್ವರ್ ಎಂದು ಹೆಸರು. ಒಳಗೆ ನಾಲ್ಕು ಖಾನೆ, ಖಾನೆಗೊಂದು ಹಾರ್ಡ್ ಡ್ರೈವ್.

“ಒಂದು ವಿಡಿಯೋನ ಚೂರು ಮಾಡಿ ನಾಲ್ಕಕ್ಕೂ ಹಂಚಿರ್ತದೆ ಅತ್ತಮ್ಮ,” ಎಂದು ಒಮ್ಮೆ ವಿವರಿಸಿದ್ದಳು. “ಒಂದು ಡ್ರೈವ್ ಸತ್ರೆ ಉಳಿದ ಮೂರು ಸೇರ್ಕೊಂಡು ಸತ್ತಿದ್ದನ್ನ ಕಟ್‌ಕೊಡ್ತವೆ. ಎರಡು ಸತ್ರೆ ಎಲ್ಲಾ ಮಣ್ಣು.”

ಆ ಪೆಟ್ಟಿಗೆಯನ್ನು ಅವಳು ಇಟ್ಟಿದ್ದು ಚಾಕಿ ಮನೆಯ ಮುಂಭಾಗದ ಸಣ್ಣ ಕೋಣೆಯಲ್ಲಿ. ಇನ್ವರ್ಟರ್ ಅಲ್ಲೇ ಇದೆ, ಕರೆಂಟ್ ಹೋಗುವುದಿಲ್ಲ. ಹೊರಗಿನವರು ಯಾರೂ ಬರುವುದಿಲ್ಲ. ನಮ್ಮ ಊರಿನಲ್ಲಿ ಅದಕ್ಕಿಂತ ಶುದ್ಧವಾದ ಜಾಗವೂ ಇಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಶುದ್ಧ ಏಕೆಂದರೆ ಹುಳುವಿಗೆ ರೋಗ ಬಾರದಿರಲೆಂದು ಅಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಆ ಪುಡಿಯ ಮೂಟೆಯೂ ಅಲ್ಲೇ ಇರುತ್ತದೆ. ಆ ಗಾಳಿ ಕಬ್ಬಿಣದ ಬಾಗಿಲ ಚಿಲಕವನ್ನೇ ತಿಂದಿತ್ತು. ಪೆಟ್ಟಿಗೆಯನ್ನು ಬಿಟ್ಟೀತೇ?

ಮೇ ತಿಂಗಳು, ಮದುವೆಯ ಸೀಸನ್. ಒಂದು ಬೆಳಿಗ್ಗೆ ಪೆಟ್ಟಿಗೆಯ ದೀಪ ಹತ್ತಲಿಲ್ಲ. ಪವಿತ್ರಾ ಸ್ಕ್ರೂ ಬಿಚ್ಚಿ ಟಾರ್ಚ್ ಹಿಡಿದಳು. ಎಲ್ಲ ಭಾಗಗಳನ್ನೂ ನಡೆಸುವ ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರಂತೆ. ಅದರ ಮೇಲೆ ಹಿತ್ತಾಳೆ ಪಾತ್ರೆಗೆ ಹಿಡಿಯುವಂಥ ಹಸಿರು ಕಿಲುಬು.

“ಇಲ್ಲಿಟ್ಟಿದ್ದು ನಾನೇ, ತಪ್ಪು ನಂದೇ,” ಎಂದಳು. “ಬ್ಲೀಚಿಂಗು ತಿಂದ್‌ಹಾಕಿದೆ.”

“ಪೆಟ್ಗೆ ಹಾಳಾಗ್ಲಿ. ಒಳಗಿರೋ ಮದುವೆಗಳು?”

“ಡ್ರೈವ್‌ಗಳು ಮುಚ್ಚಿದ ಡಬ್ಬಿಗಳು. ಬದುಕಿರಬೋದು. ಇಲ್ದೇನೂ ಇರಬೋದು.”

ಹಳೆಯ ಮದುವೆಗಳನ್ನೆಲ್ಲ ಅವರವರಿಗೆ ಕೊಟ್ಟಾಗಿತ್ತು. ಉಳಿದದ್ದು ಒಂದೇ, ಹಿಂದಿನ ವಾರ ತೆಗೆದ ನಗರಗೆರೆಯವರ ಮದುವೆ. ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಚಿಂತಾಮಣಿಯ ಮದುವೆಗೆ ಬಳಸಿಬಿಟ್ಟಿದ್ದಳು. ಆ ಮುಹೂರ್ತ ಇನ್ನೆಲ್ಲೂ ಇರಲಿಲ್ಲ. ಹುಡುಗಿಯ ತಂದೆ ಅಶ್ವತ್ಥ ರೆಡ್ಡಿ ವರ್ಷಗಳಿಂದ ನಮ್ಮಲ್ಲೇ ಚಾಕಿ ಹುಳು ಒಯ್ಯುವ ರೈತ. ಅವನ ತಾಯಿ ಸೊಂಟ ಮುರಿದುಕೊಂಡು ಮಲಗಿದ್ದಳು. ಛತ್ರಕ್ಕೆ ಬರಲಾಗದೆ, ಮೊಮ್ಮಗಳ ಮಾಂಗಲ್ಯಧಾರಣೆಯನ್ನು ವಿಡಿಯೋದಲ್ಲಾದರೂ ತೋರಿಸಿ ಎಂದು ಪ್ರಾಣ ತಿನ್ನುತ್ತಿದ್ದಳಂತೆ. ನಾನು ಮುದುಕಿಯರನ್ನು ಕಂಡು ಕರಗುವವಳಲ್ಲ, ನಾನೇ ಒಬ್ಬಳು. ಆದರೆ ಕೊಡುತ್ತೇವೆ ಎಂದು ಹೇಳಿದ ಮೇಲೆ ಕೊಡಬೇಕು.

ನನ್ನ ಮಗ ಮುನಿರಾಜು ಡ್ರೈವ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಟೌನಿನ ಕಂಪ್ಯೂಟರ್ ಅಂಗಡಿಗೆ ಹೊರಟಿದ್ದ. ಪವಿತ್ರಾ ಅವನ ಕೈಯಿಂದ ಚೀಲ ಕಿತ್ತುಕೊಂಡಳು.

“ಬದನೇಕಾಯ್ ತುಂಬ್ಕೊಂಡಂಗೆ ತುಂಬ್ಕೊಂಡಿದೀರಲ್ಲ! ಒಂದನ್ನೇ ಕಂಪ್ಯೂಟರ್‌ಗೆ ಚುಚ್ಚಿದ್ರೆ ಅದಕ್ಕೆ ತಲೆಬುಡ ತಿಳಿಯಲ್ಲ, ‘ಫಾರ್ಮ್ಯಾಟ್ ಮಾಡ್ಲಾ’ ಅಂತ ಕೇಳ್ತದೆ. ಹೂಂ ಅಂದ್ರೆ ಮುಗೀತು, ಎಲ್ಲಾ ಅಳಿಸ್ಕೊಂಡು ಹೋಗ್ತದೆ.”

ಯಾವುದು ಯಾವ ಖಾನೆಯಲ್ಲಿತ್ತು ಎಂದು ಅವಳು ಬಿಚ್ಚುವಾಗಲೇ ಪ್ರತಿಯೊಂದರ ಮೇಲೂ ಅಂಕಿ ಬರೆದಿದ್ದಳು. ಚುಚ್ಚುವ ಬಾಯಿಗಳನ್ನು ಭೂತಗನ್ನಡಿ ಹಿಡಿದು ನೋಡಿದಳು, ಸ್ಪಿರಿಟ್ಟಿನಲ್ಲಿ ಒರೆಸಿದಳು. ಸುತ್ತಿಡಲೆಂದು ನಾನು ಹುಳುವಿನ ತಟ್ಟೆಗೆ ಹಾಸುವ ಪ್ಯಾರಫಿನ್ ಕಾಗದ ತಂದುಕೊಟ್ಟೆ. “ಬೇಡ ಅತ್ತಮ್ಮ, ಉಜ್ಜಿದ್ರೆ ಕರೆಂಟ್ ಹುಟ್ತದೆ,” ಎಂದು ಪಕ್ಕಕ್ಕೆ ತಳ್ಳಿದಳು. ಆಮೇಲೆ ಪೆಟ್ಟಿಗೆಯ ಕಂಪನಿಗೆ ಫೋನು. ಹಳೆಯ ಡ್ರೈವ್‌ಗಳನ್ನು ಹಾಗೆಯೇ ಒಪ್ಪಿಕೊಳ್ಳುವ ಹೊಸ ಮಾಡೆಲ್ ಯಾವುದು ಎಂದು ಒಬ್ಬನನ್ನು ಕೇಳಿದಳು. ಅವನು ಹೇಳಿದ್ದನ್ನು ನಂಬದೆ ಇನ್ನೊಬ್ಬನನ್ನು ಕೇಳಿದಳು. ಇಬ್ಬರೂ ಒಂದೇ ಹೆಸರು ಹೇಳಿದ ಮೇಲೆಯೇ ಮುನಿರಾಜುವನ್ನು ಬೆಂಗಳೂರಿಗೆ ಓಡಿಸಿದ್ದು.

ಹೊಸ ಪೆಟ್ಟಿಗೆ ಬಂದ ದಿನವೇ ರೆಡ್ಡಿಯೂ ಬಂದ. ಬೈಕಿನಿಂದ ಇಳಿಯುವಾಗಲೇ ಕೂಗು. “ಏಮಮ್ಮಾ, ಅಂತಾ ಪೋಯಿಂದಾ? ಎಲ್ಲಾ ಹೋಯ್ತಂತೆ! ಇನ್ನೊಂದ್ಸಲ ಮದುವೆ ಮಾಡಕ್ಕಾಗ್ತದಾ ನನ್ ಮಗಳಿಗೆ?”

“ಅಳಿಯ ಒಪ್ಪಿದ್ರೆ ಮಾಡು, ನಂದೇನೂ ತಕರಾರಿಲ್ಲ. ಬಾ, ಕೂತ್ಕೊ,” ಎಂದೆ.

ಈ ಸಲ ಪೆಟ್ಟಿಗೆಯನ್ನು ಮಹಡಿಯ ಕೋಣೆಯಲ್ಲಿಟ್ಟಿದ್ದಳು. ಎಲ್ಲರೂ ಸುತ್ತ ಕೂತೆವು. ಪವಿತ್ರಾ ಅದಕ್ಕೆ ಮದುವೆಯ ಡ್ರೈವ್‌ಗಳನ್ನು ಹಾಕಲಿಲ್ಲ. ಏನೂ ಇಲ್ಲದ ಒಂದು ಖಾಲಿ ಡ್ರೈವ್ ಹಾಕಿ ಕೂತಳು. ಪೆಟ್ಟಿಗೆಯ ಒಳಗಿನ ಪ್ರೋಗ್ರಾಮ್ ಹಳೆಯದಾಗಿದ್ದರೆ ಮೊದಲು ಅದನ್ನು ಹೊಸದು ಮಾಡಬೇಕು, ಹಾಗೆ ಮಾಡುವಾಗ ಎಡವಟ್ಟಾದರೆ ಖಾಲಿಯದಕ್ಕೆ ಆಗಲಿ ಎಂಬುದು ಅವಳ ಲೆಕ್ಕ. ಪರದೆಯ ಮೇಲೆ ಒಂದು ಗೆರೆ ಆಮೆಯಂತೆ ತೆವಳುತ್ತಿತ್ತು.

ರೆಡ್ಡಿಗೆ ತಡೆಯಲಾಗಲಿಲ್ಲ. “ಖಾಲಿದಕ್ಕೇನಮ್ಮಾ ಪೂಜೆ ಮಾಡ್ತೀಯ? ನಮ್ದು ಹಾಕು!” ಎಂದು ಎದ್ದು ಡ್ರೈವ್‌ಗಳಿಗೆ ಕೈ ಚಾಚಿದ.

ಪವಿತ್ರಾ ತಿರುಗಿಯೂ ನೋಡಲಿಲ್ಲ. ನಾನು ಅವನ ಮಣಿಕಟ್ಟು ಹಿಡಿದೆ.

“ಜ್ವರಕ್ಕೆ ಕೂತಿರೋ ಹುಳನ ಮುಟ್ಟಿ ಎಬ್ಬಿಸ್ತೀಯೇನೋ ನೀನು?”

“ಯಾವನಾದ್ರೂ ಎಬ್ಬಿಸ್ತಾನಾ? ಸತ್ತೋಗ್ತವೆ.”

“ಹಂಗಾದ್ರೆ ಮುಚ್ಕೊಂಡು ಕೂತ್ಕೊ.”

ಕೂತ. ರೈತನಿಗೆ ಅದಕ್ಕಿಂತ ಹೆಚ್ಚು ವಿವರಿಸುವ ಅಗತ್ಯವಿರಲಿಲ್ಲ.

ಗೆರೆ ಮುಗಿಯಿತು. ಪವಿತ್ರಾ ಪೆಟ್ಟಿಗೆ ಆರಿಸಿ, ಖಾಲಿ ಡ್ರೈವ್ ತೆಗೆದು, ಹಳೆಯ ನಾಲ್ಕನ್ನೂ ಬರೆದ ಅಂಕಿಯ ಪ್ರಕಾರ ತೂರಿಸಿ ಸ್ವಿಚ್ ಒತ್ತಿದಳು. ಡ್ರೈವ್‌ಗಳು ಗುರ್ ಎಂದು ತಿರುಗಿದವು. ಪರದೆಯಲ್ಲಿ ಎರಡು ದಾರಿ ತೋರಿಸಿತು. ಒಂದು, ಇದ್ದದ್ದನ್ನು ಇದ್ದ ಹಾಗೆ ಕರೆದುಕೊಂಡು ಬರುವುದು. ಇನ್ನೊಂದು, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ಎರಡೂ ಗುಂಡಿಗಳ ಗಾತ್ರ ಒಂದೇ, ಬಣ್ಣ ಒಂದೇ. ಇದನ್ನು ಮಾಡಿದವನಿಗೆ ಬುದ್ಧಿ ಇರಲಿಲ್ಲ. ಅವಳು ಬೆರಳನ್ನು ಪರದೆಯ ಮೇಲೆ ಓಡಿಸುತ್ತ ಪ್ರತಿ ಪದವನ್ನೂ ಗಟ್ಟಿಯಾಗಿ ಓದಿ, ಆಮೇಲೆ ಮೊದಲನೆಯದನ್ನು ಒತ್ತಿದಳು.

ಕಡತಗಳ ಹೆಸರು ಸಾಲಾಗಿ ಬಂದವು. ನಗರಗೆರೆಯದೂ ಇತ್ತು. ಮುನಿರಾಜು ಚಪ್ಪಾಳೆ ಹೊಡೆದ. ಅಷ್ಟರಲ್ಲಿ ಪೆಟ್ಟಿಗೆ ಕೀಂ ಕೀಂ ಎಂದು ಅರಚತೊಡಗಿತು. ಮೂರನೇ ಡ್ರೈವ್ ಕೈಕೊಟ್ಟಿತ್ತು. ಪರದೆಯಲ್ಲಿ ಕೆಂಪು ಅಕ್ಷರ, ಪಕ್ಕದಲ್ಲಿ ‘ರಿಪೇರಿ’ ಎಂಬ ಗುಂಡಿ.

“ಒತ್ತೇ, ರಿಪೇರಿ ಅಂತ ಅದೇ ಕೇಳ್ತಿದೆಯಲ್ಲ!” ಎಂದ ಮುನಿರಾಜು.

“ಒತ್ತಲ್ಲ.”

“ಯಾಕೆ?”

“ರಿಪೇರಿ ಮಾಡಕ್ಕೆ ಉಳಿದ ಮೂರನ್ನೂ ತಲೆಯಿಂದ ಕಾಲ್ವರೆಗೂ ಓದಬೇಕು. ಅವೂ ಬ್ಲೀಚಿಂಗ್ ಕುಡಿದಿರೋವೇ. ಆ ಭಾರಕ್ಕೆ ಇನ್ನೊಂದು ಬಿದ್ರೆ ಮದುವೆನೂ ಇಲ್ಲ, ಏನೂ ಇಲ್ಲ. ಈಗ ಓದಕ್ಕೆ ಬರ್ತಿದೆಯಲ್ಲ, ಮೊದಲು ನಗರಗೆರೆದನ್ನ ಬೇರೆ ಡಿಸ್ಕಿಗೆ ನಕಲು ತಕ್ಕೊಳ್ಳಣ. ರಿಪೇರಿ ಆಮೇಲೆ.”

ಪೆಟ್ಟಿಗೆ ಅರಚುತ್ತಲೇ ಇತ್ತು. ಗಂಡ ಗೊಣಗುತ್ತಿದ್ದ, ಗಿರಾಕಿ ಬೆವರು ಒರೆಸಿಕೊಳ್ಳುತ್ತಿದ್ದ. ಅವಳು ಅರಚುವ ಸದ್ದು ನಿಲ್ಲಿಸಿ, ಬೇರೆ ಡಿಸ್ಕ್ ಜೋಡಿಸಿ, ನಕಲಿಗೆ ಹಾಕಿ, ಎದ್ದು ಹೋಗಿ ಎಲ್ಲರಿಗೂ ಮುದ್ದೆ ತೊಳಸಿದಳು. ನಾನು ಬೇಕೆಂದೇ ಮುರಿದು ನೋಡಿದೆ. ಒಂದು ಗಂಟೂ ಇಲ್ಲದ ಮುದ್ದೆ.

ಸಂಜೆ ನಾಲ್ಕರ ಹೊತ್ತಿಗೆ ನಕಲು ಮುಗಿಯಿತು. ಅವಳು ಮಾಂಗಲ್ಯಧಾರಣೆಯ ಭಾಗ ತೆರೆದು ತೋರಿಸಿದಳು. ರೆಡ್ಡಿ ಅದನ್ನು ಫೋನಿಗೆ ಹಾಕಿಸಿಕೊಂಡು ತಾಯಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಅತ್ತ ಕಡೆಯಿಂದ ಕರೆ ಬಂತು. ಮುದುಕಿಯ ದನಿ ಕೋಣೆಗೆಲ್ಲ ಕೇಳಿಸಿತು: “ಹುಡುಗ ಯಾಕೋ ಇಷ್ಟು ಕುಳ್ಳಗವ್ನೆ?” ಎಲ್ಲರೂ ನಕ್ಕೆವು. ಅಲ್ಲಿಗೆ ನಮ್ಮ ಮಾತು ಉಳಿಯಿತು.

ಆಮೇಲೆ ರೆಡ್ಡಿ ವಿಡಿಯೋದಲ್ಲಿ ಉಳಿದದ್ದನ್ನು ನೋಡುತ್ತ ಊಟದ ಪಂಕ್ತಿಯ ಭಾಗಕ್ಕೆ ಬಂದ. ಅಲ್ಲಿ ಅವನು ಒಬ್ಬಟ್ಟು ಸಾಲಲಿಲ್ಲವೆಂದು ಬೀಗರ ತಮ್ಮನ ಮೇಲೆ ಎಗರಾಡುತ್ತಿರುವುದು ಸ್ಪಷ್ಟವಾಗಿ ಬಿದ್ದಿತ್ತು. ಬಂದಾಗ ಎಲ್ಲ ಹೋಯಿತೆಂದು ಕೂಗಿದವನೇ ಈಗ ದನಿ ತಗ್ಗಿಸಿದ.

“ಪವಿತ್ರಮ್ಮಾ, ಇದೊಂದನ್ನ ಈಗ್ಲೇ ಅಳಿಸ್ಬಿಡಮ್ಮ. ಬೀಗ್ರು ನೋಡಿದ್ರೆ ಮಾನ ಹೋಗ್ತದೆ.”

“ನಿಮಗೆ ಕೊಡೋದ್ರಲ್ಲಿ ಇರಲ್ಲ ಬಿಡಿ. ಆದ್ರೆ ಎರಡನೇ ನಕಲು ಮುಗಿಯೋವರೆಗೂ ನಾನು ಒಂದು ಕ್ಷಣದ್ದೂ ಅಳಿಸಲ್ಲ.”

“ನಿನ್ನ ಸೊಸೆ ಕಲ್ಲು ಕಣಮ್ಮ,” ಎಂದ ನನಗೆ.

“ಹೂಂ. ಅದಕ್ಕೇ ನಿನ್ ಮಗಳ ಮದುವೆ ಉಳಿದಿದ್ದು,” ಎಂದೆ.

ಎರಡನೇ ನಕಲೂ ಆದ ಮೇಲೆ ಅವಳು ಹೊಸ ಡ್ರೈವ್ ತರಿಸಿ, ಮೂರನೇ ಖಾನೆಗೆ ಹಾಕಿ, ರಿಪೇರಿಯ ಗುಂಡಿ ಒತ್ತಿದಳು. ಅದು ನಡೆದಿರುವಾಗಲೇ ಇನ್ನೊಂದು ಡ್ರೈವ್ ಬಿತ್ತು. ಪೆಟ್ಟಿಗೆಯಲ್ಲಿದ್ದುದೆಲ್ಲ ಹೋಯಿತು. ನಮ್ಮ ಮನೆಯಲ್ಲಿ ಯಾರೂ ಕೂಗಾಡಲಿಲ್ಲ.

ಇಷ್ಟು ವರ್ಷ ನಾನು ಚಾಕಿ ಕೆಲಸಕ್ಕೆ ಹೆಂಗಸರನ್ನು ಸೇರಿಸಿಕೊಳ್ಳುವಾಗ ಕೈ ಎಷ್ಟು ಚುರುಕು ಎಂದು ನೋಡುತ್ತಿದ್ದೆ. ಈಗ ಹೊಸಬಳು ಬಂದ ದಿನ ಪಕ್ಕದಲ್ಲಿ ನಿಂತು, “ಬೇಗ, ಬೇಗ” ಎಂದು ಬೇಕೆಂದೇ ಅವಸರ ಮಾಡುತ್ತೇನೆ. ನನ್ನ ಮಾತು ಕೇಳಿ ದಡಬಡ ಓಡಿದವಳನ್ನು ಸೊಪ್ಪು ಕೊಯ್ಯಲು ಕಳಿಸುತ್ತೇನೆ. “ಸ್ವಲ್ಪ ತಡೀಯಮ್ಮ, ಮೊದ್ಲು ನೋಡ್ತೀನಿ,” ಎಂದು ನನಗೇ ತಿರುಗಿ ಹೇಳಿದವಳಿಗೆ ಹುಳುವಿನ ತಟ್ಟೆ ಕೊಡುತ್ತೇನೆ.