ಎರಡು ಕಾರು, ಒಂದು ಬೋರ್ಡು

ಕಳೆದ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಕುಲಶೇಖರದಾಚೆಯ ಪದವಿನ ಬೋಳು ಬಯಲಿನಲ್ಲಿ, ಇನ್ನೂರು ಮಂದಿಯ ಎದುರು ನನಗೆ ಅನ್ಯಾಯವಾಯಿತು. ನನ್ನ ಕಾರು ಓಟಕ್ಕೆ ಹೊರಟಾಗ ಮೈಕಿನಲ್ಲಿ ನನ್ನ ಮನೆಯ ಹೆಸರನ್ನು ಹೇಳಲಿಲ್ಲ.

"ಮುಂದಿನ ಕಾರು, ಸಂಜೀವ" ಎಂದರು. ಅಷ್ಟೇ.

ಸಂಜೀವನೆಂದರೆ ಯಾರು? ಪಂಪ್‌ವೆಲ್ಲಿನ ಮೆಕ್ಯಾನಿಕ್. ಸ್ಟೇರಿಂಗ್ ಹಿಡಿದದ್ದು ಅವನೇ, ಒಪ್ಪುತ್ತೇನೆ. ಆದರೆ ಕಾರು ಯಾರದು? ಅರ್ಜಿ ತುಂಬಿದವರು ಯಾರು? ಅರ್ಜಿಯ ಮೊದಲ ಸಾಲಿನಲ್ಲಿ ನಮ್ಮ ಗುತ್ತಿನ ಹೆಸರನ್ನು ದಪ್ಪ ಅಕ್ಷರದಲ್ಲಿ ನಾನೇ ಬರೆದಿದ್ದೆ. ಮುನ್ನೂರು ವರ್ಷದ ಹಿರಿಮನೆಯ ಹೆಸರನ್ನು ಒಬ್ಬ ಅನೌನ್ಸರ್ ನುಂಗಿಬಿಟ್ಟ.

ಈ ಅಂಕಣದ ಓದುಗರಿಗೆ ನನ್ನ ಸ್ವಭಾವ ಗೊತ್ತು. ನಾನು ಮರೆಯುವವನಲ್ಲ. ಮೂವತ್ತು ವರ್ಷದ ಹಿಂದೆ ಒಂದು ಮದುವೆಯೂಟದಲ್ಲಿ ಪಾಯಸ ನನ್ನ ಎಲೆಯನ್ನು ದಾಟಿ ಮುಂದೆ ಹೋಯಿತು. ಬಡಿಸಿದವನ ಹೆಸರು, ಅವನು ಉಟ್ಟಿದ್ದ ಮುಂಡಿನ ಅಂಚಿನ ಬಣ್ಣ, ಎರಡೂ ಇವತ್ತಿಗೂ ನೆನಪಿವೆ. (ಹಸಿರು.)

ಹಾಗಾಗಿ ಈ ಅನ್ಯಾಯವನ್ನೂ ಆರಂಭದಿಂದಲೇ, ಯಾವುದನ್ನೂ ಬಿಡದೆ ಹೇಳುತ್ತೇನೆ. ಬಿಡಬಹುದಿತ್ತು ಎಂದು ನನಗೇ ಅನಿಸುವ ಭಾಗಗಳನ್ನೂ.

ಜೆಪ್ಪುವಿನ ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಕಂಪೆನಿ ಒಂದೇ, ತಲೆಮಾರು ಎರಡು. (ಕಂಪೆನಿಯ ಹೆಸರು ಬರೆಯುವುದಿಲ್ಲ. ಪುಕ್ಕಟೆ ಜಾಹೀರಾತು ಯಾಕೆ?) ಹಳೆಯದರ ಬೆನ್ನು ಗುಂಡು, ಬಣ್ಣ ಮಾಸಿದೆ, ಎಡಬಾಗಿಲಿಗೆ ಕಡಲಗಾಳಿಯ ತುಕ್ಕು. ಹೊಸದರದು ಚೌಕ ಮೈ, ಹಿಂದೆ ಎರಡು ಪುಟ್ಟ ರೆಕ್ಕೆ, ಬದಿಯುದ್ದಕ್ಕೂ ಮಿರುಗುವ ಪಟ್ಟಿ. ಎರಡೂ ನಾಲ್ಕು ಬಾಗಿಲಿನ ಸಂಸಾರದ ಕಾರುಗಳೇ. ಆದರೆ ಎಂಜಿನ್ನಿಗೆ ಮಾತ್ರ ಓಟದ ಚಟ. ಇಂಥವನ್ನು ನಮ್ಮ ಊರಿನ ಮೋಟಾರು ಸಂಘದವರು ಸ್ಪೋರ್ಟ್ಸ್ ಸೆಡಾನ್ ಎಂದು ಗೌರವಿಸುತ್ತಾರೆ.

ವರ್ಷಕ್ಕೆ ಎರಡು ಬಾರಿ ಸಂಘದವರು ಪದವಿನ ಕೆಂಪು ಮುರಕಲ್ಲಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿ, ಟ್ರ್ಯಾಕ್ ಮಾಡುತ್ತಾರೆ. ಒಂದು ಸಲಕ್ಕೆ ಒಂದು ಕಾರು, ಮೂರು ಸುತ್ತು. ಕೈಯಲ್ಲಿ ಸ್ಟಾಪ್‌ವಾಚ್. ಮೊದಲ ಮೂವರ ಹೆಸರನ್ನು ಹಂಪನಕಟ್ಟೆಯ ಸಂಘದ ಮಾಳಿಗೆಯಲ್ಲಿರುವ ಕಪ್ಪು ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ.

ಕಳೆದ ವರ್ಷ ನಾನೂ ಇಳಿಯಲು ನಿರ್ಧರಿಸಿದೆ. ಯಾವ ಕಾರು? ಪಂಪ್‌ವೆಲ್ಲಿಗೆ ಹೋಗಿ ಸಂಜೀವನನ್ನು ಕೇಳಿದೆ. ಅವನು ಕೈ ಒರೆಸಿಕೊಳ್ಳುತ್ತ ಎರಡಕ್ಕೂ ಒಂದೊಂದು ಸುತ್ತು ಬಂದ.

"ಹಳತೇ ಆಗ್ಬೇಕು ಧನಿ."

"ಹೊಸತಕ್ಕೆ ಎಂತ ಆಗಿದೆ?"

"ಎಂತ ಆಗಿಲ್ಲ. ಚಂದ ಉಂಟು. ಮದುವೆಗೆ ಹೋಗುವ ಗಾಡಿ ಅದು. ತಿರುವಿನಲ್ಲಿ ಅದರ ಹಿಂದಿನ ಭಾಗ ಮುಂದಿನ ಭಾಗದ ಮಾತು ಕೇಳುವುದಿಲ್ಲ. ಹಳತು ಹಗುರ. ಒಂದು ಕಾರ್ಬರೇಟರ್ ಜಾಸ್ತಿ ಕೊಟ್ರೆ ಡ್ರಮ್ಮಿನ ಸುತ್ತ ಬೆಕ್ಕಿನ ಹಾಗೆ ತಿರುಗ್ತದೆ."

ತಿಳಿದವನು ತಿಳಿದದ್ದನ್ನು ಹೇಳಿದ. ನಾನು ಹೊಸದನ್ನೇ ಆರಿಸಿದೆ.

ಕಾರಣ ಹೇಳಿದರೆ ನಗುತ್ತೀರಿ. ನಮ್ಮಲ್ಲಿ ಕಂಬಳಕ್ಕೆ ಕೋಣಗಳನ್ನು ಕೊಂಡೊಯ್ಯುವಾಗ ಮೈಗೆ ಎಣ್ಣೆ ತಿಕ್ಕುತ್ತಿದ್ದರು, ಹಣೆಗೆ ಪಟ್ಟಿ ಕಟ್ಟುತ್ತಿದ್ದರು, ಮುಂದೆ ವಾದ್ಯ ನಡೆಯುತ್ತಿತ್ತು. ಓಡುವುದು ಆಮೇಲಿನ ಮಾತು. ಗುತ್ತಿನ ಕೋಣ ಬಂತು ಎಂದು ಜನ ದಾರಿ ಬಿಡಬೇಕು, ಮಾನವೆಲ್ಲ ಅಲ್ಲಿದೆ. ನಾನು ಕಾರನ್ನೂ ಅದೇ ಕಣ್ಣಿನಿಂದ ನೋಡಿದೆ. ತುಕ್ಕು ಹಿಡಿದ ಬಾಗಿಲಿನೊಂದಿಗೆ ನಮ್ಮ ಮನೆ ಪದವಿಗೆ ಹೋಗುವುದೇ? ಹೊಸ ಕಾರಿಗೆ ಮೂರು ದಿನ ಮೇಣ ತಿಕ್ಕಿಸಿ, ಸ್ಟೇರಿಂಗಿಗೆ ಸಂಜೀವನನ್ನು ಕೂರಿಸಿದೆ.

ಎರಡನೆಯ ತಿರುವಿನಲ್ಲಿ ಅದರ ಹಿಂಭಾಗ ಬೀಸಿತು. ಮೂರು ಡ್ರಮ್ಮು ಉರುಳಿದವು. ಸುಣ್ಣದ ಪುಡಿ ಮೇಣದ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಇದು ನನಗೆ ಅಂದು ತಿಳಿದ ಸಂಗತಿ. ಹದಿನಾರು ಕಾರುಗಳಲ್ಲಿ ನಮಗೆ ಹದಿನಾಲ್ಕನೆಯ ಸ್ಥಾನ.

ಯಾರೋ ಕೇಳಿದರು, "ಎಂತ ಸ್ವಾಮೀ, ನಿಮ್ಮ ಕಾರಿಗೆ ಎಂತ ಆಯ್ತು?"

ನಾನು ಹೇಳಿದೆ, ಸಂಜೀವನಿಗೂ ಕೇಳಿಸುವಂತೆ: "ಕಾರಿಗೆ ಎಂತದೂ ಆಗಿಲ್ಲ. ಗದ್ದೆ ಉಳುವ ಕೈಗೆ ಸ್ಟೇರಿಂಗ್ ಕೊಟ್ಟದ್ದು ನನ್ನ ತಪ್ಪು."

ಜನ ನಕ್ಕರು. ಸಂಜೀವ ಬಗ್ಗಿ ಬಂಪರಿನ ಸುಣ್ಣ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

ಆ ಮಾತಿಗೆ ಹಿನ್ನೆಲೆಯಿದೆ. ಸಂಜೀವನ ತಂದೆ ದೂಮ ನಮ್ಮ ಒಕ್ಕಲು. ಭೂಸುಧಾರಣೆ ಬಂದಾಗ ಅವನೂ ಡಿಕ್ಲರೇಶನ್ ಹಾಕಿದ, ಗದ್ದೆ ಅವನದಾಯಿತು. ಕಾನೂನು, ಸರಿ. ಆದರೆ ಹಾಕುವ ಮೊದಲು ನನಗೆ ಒಂದು ಮಾತು ಹೇಳಲಿಲ್ಲ. ಅದನ್ನೂ ನಾನು ಮರೆತಿರಲಿಲ್ಲ. ತಂದೆಯ ಮೇಲಿದ್ದದ್ದನ್ನು ಮಗನ ಮೇಲೆ, ಪದವಿನ ಬಿಸಿಲಿನಲ್ಲಿ, ನಗುವವರ ನಡುವೆ ಇಳಿಸಿದೆ.

ಅದಾದ ಮೇಲೆ ಸಂಜೀವ ಆರು ತಿಂಗಳು ನಮ್ಮ ಮನೆಯ ಕಡೆ ಬರಲಿಲ್ಲ. ಹೊಸ ಓಟದ ಸುದ್ದಿ ಬಂದಾಗ ನಾನೇ ಹೋಗಬೇಕಾಯಿತು.

"ಈ ಸಲ ಹಳತನ್ನೇ ಮಾಡು" ಎಂದೆ. ನನ್ನ ಬಾಯಿಯಲ್ಲಿ ಕ್ಷಮೆ ಅಷ್ಟು ಉದ್ದಕ್ಕೇ ಬರುವುದು.

ಅವನು ಸ್ಪ್ಯಾನರ್ ಕೆಳಗಿಟ್ಟ. "ಆಯ್ತು ಧನಿ. ಡ್ರಮ್ಮಿಗೆ ತಾಗಿದ್ರೆ ತಪ್ಪು ನನ್ನದೇ ಅಂತ ಈಗಲೇ ಬರ್ದು ಕೊಡ್ಲಾ? ಆಮೇಲೆ ನೀವು ಮೈಕ್ ಹುಡುಕುವುದು ಬೇಡ."

ಐದು ವಾರ ಹಳೆಯ ಕಾರು ಅವನ ಶೆಡ್ಡಿನಲ್ಲಿತ್ತು. ಎರಡನೆಯ ಕಾರ್ಬರೇಟರ್ ಕೂತಿತು. ಹಿಂದಿನ ಸೀಟು ಹೊರಗೆ ಬಂತು. ತುಕ್ಕು ಹಾಗೆಯೇ ಉಳಿಯಿತು. "ತುಕ್ಕಿಗೆ ತೂಕ ಇಲ್ಲ ಧನಿ" ಎಂದ.

ಆ ಭಾನುವಾರ ಮೈಕಿನಲ್ಲಿ "ಸಂಜೀವ" ಎಂದದ್ದೂ, ಕಾರು ಹೊರಟದ್ದೂ ಒಟ್ಟಿಗೇ. ನಾನು ಕೋಪದಲ್ಲಿದ್ದೆನಾದ್ದರಿಂದ ಮೊದಲ ಸುತ್ತು ಸರಿಯಾಗಿ ನೋಡಲಿಲ್ಲ. ಎರಡನೆಯ ಸುತ್ತಿನಲ್ಲಿ ಕೋಪವೇ ಕೈಕೊಟ್ಟಿತು. ಆ ಮುದಿ ಕಾರು ಡ್ರಮ್ಮಿನಿಂದ ಒಂದು ಗೇಣು ದೂರದಲ್ಲಿ, ಒಂದನ್ನೂ ಮುಟ್ಟದೆ, ನಿಜಕ್ಕೂ ಬೆಕ್ಕಿನಂತೆ ತಿರುಗುತ್ತಿತ್ತು. ಎರಡನೆಯ ಸ್ಥಾನ. ಮೊದಲನೆಯದು ಯಾರದೋ ವಿದೇಶಿ ಕಾರು. ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಸಂಜೀವ ಇಳಿದು ಬಂದ. ಮುಖ ಪೂರ್ತಿ ಕೆಂಪು ಧೂಳು. ಒಂದೇ ಪ್ರಶ್ನೆ ಕೇಳಿದ.

"ಬೋರ್ಡಿನಲ್ಲಿ ಹೆಸರು ಎಷ್ಟು ದಿನ ಇರ್ತದೆ ಧನಿ?"

"ಮುಂದಿನ ಓಟದವರೆಗೆ. ಯಾಕೆ?"

"ಅಪ್ಪನನ್ನು ಕರ್ಕೊಂಡು ಬರ್ಬೇಕು. ಅವರಿಗೆ ಈಗ ಕಣ್ಣು ಮಂದ. ಬೋರ್ಡಿನ ಅಕ್ಷರ ದೊಡ್ಡದುಂಟಲ್ಲ, ಓದ್ಬಹುದು."

ಇದನ್ನು ನಾನು ಕೇಳಿಸಿಕೊಂಡೆ. ಓದುಗರು ದಯವಿಟ್ಟು ಗಮನಿಸಬೇಕು: ಕೇಳಿಸಿಕೊಂಡೆ. ಕೇಳಿಸಿಕೊಂಡ ಮೇಲೆಯೇ ಮನೆಗೆ ಬಂದು ಸಂಘಕ್ಕೆ ದೂರು ಬರೆದೆ.

ನಾಲ್ಕು ಪುಟ. ಮೈಕಿನಲ್ಲಾದ ಅವಮಾನ, ಅರ್ಜಿಯ ಮೊದಲ ಸಾಲು, ಮನೆತನದ ಇತಿಹಾಸ, ಬೋರ್ಡಿನಲ್ಲಿ ಸಂಜೀವನ ಬದಲು ನಮ್ಮ ಗುತ್ತಿನ ಹೆಸರು ಬರಬೇಕೆಂಬ ಬೇಡಿಕೆ. ಕಂಬಳದಲ್ಲಿ ಕೂಗುವುದು ಕೋಣದ ಮನೆಯ ಹೆಸರನ್ನೇ ಹೊರತು ಓಡಿಸುವವನದ್ದಲ್ಲವೆಂಬ ಪೂರ್ವಪದ್ಧತಿ. ಸಂಜೀವನ ಹೆಸರು ಬಂದ ಬಗೆಯೂ ನನಗೆ ಗೊತ್ತಿತ್ತು. ಅರ್ಜಿಯಲ್ಲಿ 'ಚಾಲಕ' ಎಂಬ ಕಾಲಮ್ಮನ್ನು ನಾನು ಖಾಲಿ ಬಿಟ್ಟಿದ್ದೆ; ಪದವಿನಲ್ಲಿ ಅನೌನ್ಸರ್ ಅವನನ್ನೇ ಕೇಳಿ ತುಂಬಿಕೊಂಡಿದ್ದ. ದೂರಿನಲ್ಲಿ ಆ ಖಾಲಿ ಕಾಲಮ್ಮಿನ ಪ್ರಸ್ತಾಪ ಮಾಡಲಿಲ್ಲ.

ನನ್ನ ಹೆಂಡತಿ ಸರೋಜಿನಿ ಹಿಂದಿನಿಂದ ಬಗ್ಗಿ ಓದಿದಳು.

"ನಿಮಗೆ ಪಾಯಸ ಬಡಿಸದವರ ಪಟ್ಟಿ ಉಂಟು" ಎಂದಳು. "ನೀವು ಬಡಿಸದವರ ಪಟ್ಟಿ ಯಾರ ಹತ್ತಿರ ಉಂಟು ಮಾರಾಯ್ರೆ?"

ನಾನು ಲಕೋಟೆಗೆ ಅಂಟು ಹಚ್ಚಿದೆ.

ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಹನ್ನೊಂದು ಮಂದಿ. ಯಾವ ವಿಷಯಕ್ಕೂ ಮೂರು ಸಭೆಗಿಂತ ಕಡಿಮೆ ತೆಗೆದುಕೊಳ್ಳದವರು. ನನ್ನ ದೂರಿಗೆ ಒಂದೇ ಸಭೆ ಸಾಕಾಯಿತು. ಸರ್ವಾನುಮತ. 'ಪ್ರಮಾದಕ್ಕೆ ವಿಷಾದಿಸುತ್ತೇವೆ, ಬೋರ್ಡನ್ನು ಸರಿಪಡಿಸಲಾಗಿದೆ' ಎಂಬ ಕಾಗದ ವಾರದೊಳಗೆ ಕೈಸೇರಿತು.

ಗೆದ್ದ ಮೇಲೆ ನೋಡದಿರುವುದು ಹೇಗೆ? ಬುಧವಾರ ಬೆಳಿಗ್ಗೆ ಶಾಲು ಹೊದ್ದು ಹಂಪನಕಟ್ಟೆಯ ಮಾಳಿಗೆ ಹತ್ತಿದೆ.

ಬೋರ್ಡಿನ ಎದುರು ದೂಮ ನಿಂತಿದ್ದ.

ಅವನನ್ನು ನೋಡದೆ ಹದಿನೈದು ವರ್ಷವಾಗಿತ್ತು. ಒಗೆದ ಅಂಗಿ ತೊಟ್ಟಿದ್ದ, ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟು ಬಂದಿದ್ದ. ಸಂಜೀವ ಕಿಟಕಿಯ ಬಳಿ, ನಮಗೆ ಬೆನ್ನು ಹಾಕಿ ನಿಂತಿದ್ದ. ದೂಮ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದುತ್ತಿದ್ದ. ಎರಡನೆಯ ಸಾಲಿನಲ್ಲಿ ಕಪ್ಪು ಬಣ್ಣ ಬಳಿದು ಅದರ ಮೇಲೆ ಹೊಸದಾಗಿ ಬರೆದಿದ್ದರು. ಒಣಗಿರಲಿಲ್ಲವೋ ಏನೋ, ಬೆರಳಿಗೆ ಬಿಳಿ ಹತ್ತಿತು. ಓದಿ ಮುಗಿಸಿ ತಿರುಗಿದಾಗ ನನ್ನನ್ನು ಕಂಡ.

"ನಮ್ಮ ಗುತ್ತಿನ ಹೆಸರೇ ಬಂದಿದೆ ಧನಿ!" (ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ 'ನಮ್ಮ' ಇನ್ನೂ ಹತ್ತಿರದ್ದು.) "ಇವ ಹೇಳಿದ್ದ, ಅವನ ಹೆಸರು ಬರ್ದಿದ್ದಾರೆ ಅಂತ. ನಾನು ಬಸ್ಸಿನಲ್ಲೇ ಬೈದೆ. ಹೆಸರು ಧನಿಗಳದ್ದಲ್ವಾ ಬರುವುದು ಅಂತ. ಹನ್ನೊಂದು ವರ್ಷ ನಾನು ನಿಮ್ಮ ಕೋಣ ಓಡಿಸ್ಲಿಲ್ವಾ? ಒಮ್ಮೆ ಆದ್ರೂ ದೂಮ ಅಂತ ಕೂಗಿದ್ದುಂಟಾ?"

ಅವನ ದನಿಯಲ್ಲಿ ದೂರಿರಲಿಲ್ಲ. ಹುಡುಕಿದೆ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ, ದೂರಿಗೆ ಉತ್ತರ ಕೊಡುವುದರಲ್ಲಿ ನಾನು ಪಳಗಿದವನು. ಅವನು ಸಂತೋಷದಿಂದ ಹೇಳುತ್ತಿದ್ದ. ಮಗನೇ ಏನೋ ತಪ್ಪು ತಿಳಿದಿದ್ದಾನೆ, ಲೋಕ ಮಾತ್ರ ಸರಿಯಾಗಿಯೇ ಇದೆ ಎಂಬಂತೆ.

"ಅಪ್ಪಾ, ಬಸ್ಸಿಗೆ ಹೊತ್ತಾಯ್ತು" ಎಂದ ಸಂಜೀವ. ನನ್ನತ್ತ ನೋಡಲಿಲ್ಲ. ತಂದೆಯ ಬೆರಳಿನ ಬಿಳಿಯನ್ನು ತನ್ನ ಬಟ್ಟೆಯಿಂದ ಒರೆಸಿ, ಕೈಹಿಡಿದು ಇಳಿಸಿಕೊಂಡು ಹೋದ.

ಪಾಯಸ ದಾಟಿಹೋದ ಎಲೆಯ ಮುಂದೆ ನಾನು ಕುಳಿತದ್ದು ಒಮ್ಮೆ. ದೂಮ ಹನ್ನೊಂದು ವರ್ಷ.

ಅಲ್ಲಿಂದಲೇ ಕಾರ್ಯದರ್ಶಿಯ ಕೋಣೆಗೆ ಹೋದೆ. ಬೋರ್ಡನ್ನು ಮೊದಲಿನಂತೆ ಬರೆಸಿ ಎಂದೆ.

"ಅದು ಹೇಗಾಗ್ತದೆ ಸಾರ್? ನಿರ್ಣಯ ಪಾಸಾಗಿದೆ. ನಿಮ್ಮದೇ ದೂರಿನ ಮೇಲೆ."

"ನನ್ನ ದೂರನ್ನು ಹಿಂದೆ ತೆಗೆದುಕೊಳ್ಳುತ್ತೇನೆ."

"ದೂರು ಹಿಂದೆ ತೆಗೀಬಹುದು. ನಿರ್ಣಯ ಹಾಗಲ್ಲ. ಈಗ ಅದು ಎಲ್ಲರಿಗೂ ರೂಲು ಸಾರ್." ಮೇಜಿನ ಕೆಳಗಿನಿಂದ ಒಂದು ಕಟ್ಟು ತೆಗೆದು ತೋರಿಸಿದರು. ಮುಂದಿನ ಓಟದ ಅರ್ಜಿಗಳು. ಅಚ್ಚಿನ ವಾಸನೆ ಇನ್ನೂ ಇತ್ತು. ಅದರಲ್ಲಿ ಚಾಲಕ ಎಂಬ ಕಾಲಮ್ಮೇ ಇಲ್ಲ. ನನ್ನ ಕೃಪೆ.

ಹಳೆಯ ಕಾರು ಈಗಲೂ ಪಂಪ್‌ವೆಲ್ಲಿನ ಶೆಡ್ಡಿನಲ್ಲಿದೆ. ತರಲು ಹೋಗಿಲ್ಲ. ಎರಡು ಬಾರಿ ಹೊರಟು, ಕಂಕನಾಡಿಯವರೆಗೆ ಹೋಗಿ ತಿರುಗಿ ಬಂದಿದ್ದೇನೆ. ಅಲ್ಲಿ ಹೇಳಬೇಕಾದ ಮಾತು ಶೆಡ್ಡಿನೊಳಗೆ ಮೆಲ್ಲಗೆ ಹೇಳುವಂಥದ್ದಲ್ಲ, ಬೈದದ್ದು ಊರೆದುರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಕಳೆದ ವರ್ಷ ತಪ್ಪು ಕಾರು ಆರಿಸಿದವನು ನಾನು. ಈ ವರ್ಷ ಎರಡನೆಯವನಾಗಿ ಬಂದವನು ದೂಮನ ಮಗ ಸಂಜೀವ.

ನನ್ನ ತಪ್ಪು ನನ್ನದು, ಅದರಲ್ಲಿ ಯಾರಿಗೂ ಪಾಲು ಕೊಡುವುದಿಲ್ಲ. ಆದರೆ ಸಮಿತಿಯ ಮಹನೀಯರೇ, ನೀವು ಹನ್ನೊಂದು ಮಂದಿಯೂ ಅಂದು ಪದವಿನಲ್ಲಿದ್ದಿರಿ, ಆ ಮೂರು ಸುತ್ತಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಒಬ್ಬ ಮುದುಕನ ನಾಲ್ಕು ಪುಟ ಓದಿ ಸಂಜೀವನ ಹೆಸರಿಗೆ ಕಪ್ಪು ಬಳಿಯುವಾಗ, 'ಹಾಗಾದರೆ ಕಾರು ಓಡಿಸಿದವರು ಯಾರು?' ಎಂದು ನಿಮ್ಮಲ್ಲಿ ಒಬ್ಬರಾದರೂ ನನ್ನನ್ನು ಕೇಳಲಿಲ್ಲವೇಕೆ?