ಗೂಡು ಬೇಯಿಸೋಕೆ ಮುಂಚೆ

"ಗೂಡು ಬೇಯ್ಸೋಕ್ ಮುಂಚೆ ಕೈ ಮುಗೀರಿ, ಮರೀಬ್ಯಾಡಿ." ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು. ರೇಷ್ಮೆಗೂಡಿನೊಳಗೆ ಹುಳ ಜೀವಂತ ಇರ್ತದೆ. ನೂಲು ತೆಗೆಯೋಕೆ ಗೂಡನ್ನ ಬಿಸಿನೀರಿಗೆ ಹಾಕೋ ಮೊದಲು ಅವಳು ದೇವರ ಪಟಕ್ಕೆ ತಪ್ಪಾಯ್ತು ಅಂತಿದ್ದಳು. ಅವಳು ಹೋದ ಮೇಲೆ ನನಗೆ ದೇವರು ಬೇಡವಾದ.

ಆಮೇಲೆ ಮೊದಲ ಸಲ ಮುಳ್ಳೂರಿಂದ ಗೂಡು ತಕಂಡು ಕೊಳ್ಳೇಗಾಲಕ್ಕೆ ಬರುವಾಗ, ಕರಿ ಅಂಗಿಯವನೊಬ್ಬ ಗಾಡಿ ಹತ್ತಿ ಮೂಟೆಗೆ ಒರಗಿಕೊಂಡ. ದೇವರಿಲ್ಲ ಅಂತ ಊರೂರಲ್ಲಿ ಭಾಷಣ ಮಾಡುವವನಂತೆ. ಸರಿಯಾದವನೇ ಸಿಕ್ಕಿದ ಅಂದುಕೊಂಡೆ.

"ದೇವ್ರಿಲ್ಲ ಅಂದ್ಮೇಲೆ ಹುಳ ಬೇಯ್ಸಿದ್ರೆ ಪಾಪ ಇಲ್ಲ, ಅಲ್ವಾ ಸಾ?"

"ಯಾವ ಹುಳ?"

"ನೀವು ಒರಗಿರೋ ಮೂಟೇಲಿ ಐದಾವಲ್ಲ, ಅವೇ."

ಅವನು ತಟ್ಟನೆ ಎದ್ದು ಆಚೆ ಸರಿದು ಕೂತ.

"ದೇವ್ರಿಲ್ಲ ಕಣಯ್ಯ. ಹುಳ ಐತಲ್ಲ."

"ಅಂಗಾರೆ ಯಾರ್ಗೆ ಕೈ ಮುಗೀಲಿ?"

"ನನ್ನ ಕೇಳ್ತೀಯಲ್ಲೋ! ನಾನು ಕೈ ಮುಗ್ಯೋನೇ ಅಲ್ಲ."

ಊರು ಬಂದಾಗ ಮೂಟೆ ಇಳಿಸಿಕೊಂಡು ಮನೆಗೆ ಹೋದೆ. ನನಗೆ ಒಂದೂ ತಿಳಿಯಲಿಲ್ಲ.

ಗೂಡು ಬಹಳ ದಿನ ಇಟ್ಟರೆ ಚಿಟ್ಟೆ ಕೊರೆದು ಬಂದು ನೂಲು ಹಾಳಾಗ್ತದೆ. ಮಾರನೇ ಬೆಳಿಗ್ಗೆ ಒಲೆ ಹಚ್ಚಿದೆ. ದೇವರ ಪಟಕ್ಕೆ ಬೆನ್ನು ಹಾಕಿ ಕೂತು, ಗೂಡಿನ ಬುಟ್ಟಿಗೆ ಕೈ ಮುಗಿದು ತಪ್ಪಾಯ್ತು ಅಂದು, ನೀರಿಗೆ ಸುರಿದೆ. ಅವಳಿದ್ದಿದ್ದರೆ ಭುಜ ಹಿಡಿದು ನನ್ನನ್ನು ಪಟದ ಕಡೆ ತಿರುಗಿಸ್ತಿದ್ದಳು.